ಗುಂಡು ಹಾರದ ಊರು

ಬಾಡ್ ಎಲ್ಲರ್‌ಬ್ರುನ್ ಎಂಬ ಊರಿನ ಬುಗ್ಗೆಯಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದನ್ನು ಕುಡಿದರೆ ರಕ್ತ ಊರುತ್ತದೆಂದು ನಂಬಿ ಒಂದು ಕಾಲಕ್ಕೆ ರಾಜಮನೆತನದವರೂ ಬಂದು ಮಿಂದು ಹೋಗಿದ್ದರು. ಮಿಂದವರ ಪುಣ್ಯ ಅವರಿಗೆ. ಅವರು ಮೈ ಒರೆಸಿಕೊಂಡ ಬಟ್ಟೆ ಮಾತ್ರ ತುಕ್ಕಿನಂತೆ ಕೆಂಪಾಗುತ್ತಿತ್ತು. ಅದನ್ನು ಮತ್ತೆ ಹಾಲಿನಂತೆ ಬೆಳ್ಳಗೆ ಮಾಡುವ ಕೈ ಊರಿಗೆಲ್ಲ ಒಂದೇ ಇತ್ತು. ಅದು ಬುಗ್ಗೆಯ ಸ್ನಾನಗೃಹದಲ್ಲಿ ಬಟ್ಟೆ ಒಗೆಯುವ ವಾಲ್ಬುರ್ಗಾಳದು. ಬೂದಿನೀರಲ್ಲಿ ನೆನೆಸಿ, ಕುದಿಸಿ, ಬಿಸಿಲಿಗೆ ಹರವಿದರೆ ಕಣ್ಣು ಕುಕ್ಕುವ ಬಿಳುಪು.

ಯುದ್ಧದ ಕೊನೆಯ ಏಪ್ರಿಲ್‌ನಲ್ಲೂ ಅವಳು ಆ ಹಟ ಬಿಟ್ಟಿರಲಿಲ್ಲ. ಸ್ನಾನಗೃಹವೀಗ ಗಾಯಾಳು ಸೈನಿಕರ ಆಸ್ಪತ್ರೆ. ತಿನ್ನಲು ಟರ್ನಿಪ್ ಗಡ್ಡೆ ಬಿಟ್ಟರೆ ಬೇರೆ ಗತಿಯಿಲ್ಲ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಹಾಸಿಗೆ ಬಟ್ಟೆ ಒಂಚೂರು ಕೆಂಪಗಿದ್ರೆ ಯಾರ ಗಂಟು ಹೋಗುತ್ತೇ?" ಎಂದು ಛೇಡಿಸುತ್ತಿದ್ದ ಗಂಡ ಕಾಸ್ಪರ್. ತೊಟ್ಟಿಗಳಿಗೆ ನೀರು ತುಂಬುವುದು ಅವನ ಕೆಲಸ. ಕುಂಟುಗಾಲಿನವನೆಂದು ಸೈನ್ಯದವರು ಅವನನ್ನು ಬಿಟ್ಟಿದ್ದರು.

"ಸಾಯೋ ಹುಡುಗ್ರನ್ನ ತುಕ್ಕಿನ ಮೇಲೆ ಮಲಗಿಸ್ಲಾ? ನೀವು ಸುಮ್ನೆ ನೀರು ತುಂಬ್ಸಿ."

ಅಮೆರಿಕದವರು ಗುಡ್ಡದಾಚೆಗೆ ಬಂದಾಗಿತ್ತು. ಆಗ ಮೇಲಿನವರ ಆಜ್ಞೆಯೊಂದು ಬಂತು: ಬಿಳಿ ಬಟ್ಟೆ ತೋರಿಸುವುದೆಂದರೆ ಶರಣಾಗುವುದು, ಯಾರ ಮನೆಯಲ್ಲಿ ಬಿಳಿ ಬಟ್ಟೆ ಕಂಡರೂ ಆ ಮನೆಯ ಗಂಡಸಿಗೆ ಮರಣ. ನಗರಾಧ್ಯಕ್ಷ ಡಿಟ್ಮಾರ್ ಅದನ್ನು ಬುಗ್ಗೆಯ ಮುಂದೆ ನಿಂತು ಓದಿದ.

"ಅಧ್ಯಕ್ಷರೇ, ನನ್ನ ಹಾಸಿಗೆ ಬಟ್ಟೆ ಏನ್ ಮಾಡ್ಲಿ?" ಎಂದಳು ವಾಲ್ಬುರ್ಗಾ.

"ಅಟ್ಟದ ಮೇಲೆ ಒಣಗಿಸ್ಕೊಳ್ಳಮ್ಮ. ನನ್ನ ತಲೆ ತಿನ್ಬೇಡ."

ಅಟ್ಟದಲ್ಲಿ ಬಟ್ಟೆ ಒಣಗಲಿಲ್ಲ, ಮುಗ್ಗಿತು. ಮಳೆಯೂ ಬಿಡಲಿಲ್ಲ. ಹಸಿ ಬಟ್ಟೆಯ ಮೇಲೆ ಮಲಗಿದ ಹುಡುಗರು ಕೆಮ್ಮತೊಡಗಿದರು. ಬೆನ್ನಿನ ಹುಣ್ಣು ಕೊಳೆತವು. ಕೊನೆಗೊಂದು ಬೆಳಿಗ್ಗೆ ಬಿಸಿಲು ಬಿತ್ತು. ವಾಲ್ಬುರ್ಗಾ ಬುಟ್ಟಿ ಹೊತ್ತು ಹಿತ್ತಿಲಿಗಿಳಿದಳು. ಕಾಸ್ಪರ್ ಬಟ್ಟೆ ಹರವುವ ಹಗ್ಗದ ಇನ್ನೊಂದು ತುದಿಯನ್ನು ಲಿಂಡನ್ ಮರಕ್ಕೆ ಬಿಗಿದ.

ಬಟ್ಟೆ ಇನ್ನೂ ಅರೆ ಹಸಿಯಾಗಿರುವಾಗಲೇ ಹಿಮ್ಮೆಟ್ಟುತ್ತಿದ್ದ ತಮ್ಮದೇ ಸೈನ್ಯದ ಲಾರಿಯೊಂದು ಬಂದು ನಿಂತಿತು. ಮೀಸೆ ಕೂಡ ಸರಿಯಾಗಿ ಮೂಡದ ಅಧಿಕಾರಿಯೊಬ್ಬ ಇಳಿದ.

"ಯಾರು ಕಟ್ಟಿದ್ದು ಇದನ್ನ?"

ವಾಲ್ಬುರ್ಗಾ ಬಾಯಿ ತೆರೆಯುವ ಮೊದಲೇ ಕಾಸ್ಪರ್ ಕುಂಟುತ್ತ ಮುಂದೆ ಬಂದ. "ನಾನೇ ಸ್ವಾಮಿ. ಆಸ್ಪತ್ರೆ ಬಟ್ಟೆ. ಮುಟ್ಟಿ ನೋಡಿ, ಇನ್ನೂ ಹಸಿಯಾಗಿದೆ."

"ಅಲ್ಲ, ನಾನು ಕಟ್ಟಿದ್ದು! ಒಗೆಯೋಳು ನಾನು!" ಎಂದು ವಾಲ್ಬುರ್ಗಾ ಕೂಗಿದಳು. ಗಂಡಸು ಸಿಕ್ಕ ಮೇಲೆ ಹೆಂಗಸಿನ ಮಾತು ಯಾರಿಗೆ ಬೇಕಿತ್ತು?

ಅಧಿಕಾರಿ ಡಿಟ್ಮಾರ್‌ನನ್ನು ಕರೆಸಿದ. "ಇದು ಬಾವುಟವೋ, ಒಗೆದ ಬಟ್ಟೆಯೋ? ನೀವೇ ಹೇಳಿ."

ಒಂದು ಮಾತು ಸಾಕಿತ್ತು. ಮೂವತ್ತು ವರ್ಷದಿಂದ ಅದೇ ಹಿತ್ತಿಲಲ್ಲಿ ಅವಳ ಬಟ್ಟೆ ಹಾರಾಡುವುದನ್ನು ಡಿಟ್ಮಾರ್ ಕಂಡಿದ್ದ. ಆದರೆ ಅವನು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವನು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಅಟ್ಟದ ಮೇಲೆ ಒಣಗಿಸೋಕೆ ಹೇಳಿತ್ತು" ಎಂದ.

ಆ ಮಾತು ನಿಜ. ನಿಜವಾಗಿದ್ದೇ ಅದರ ಹೊಲಸು.

"ಗುಂಡು ದಂಡ ಮಾಡ್ಬೇಡಿ," ಎಂದ ಅಧಿಕಾರಿ, ಸೈನಿಕರಿಗೆ. "ಹಗ್ಗ ಇಲ್ಲೇ ಇದೆಯಲ್ಲ."

ಅವರು ಹಗ್ಗ ಬಿಚ್ಚಿಕೊಂಡರು. ಬಟ್ಟೆಗಳೆಲ್ಲ ಕೆಸರಿಗೆ ಬಿದ್ದವು. ಕಾಸ್ಪರ್ ಅವಳ ಕಡೆ ತಿರುಗಿ, "ಒಳಗ್ ಹೋಗೇ, ನೋಡ್ಬೇಡ" ಎಂದ. ಅವಳು ಹೋಗಲಿಲ್ಲ, ಇಬ್ಬರು ಸೈನಿಕರು ಹಿಡಿದುಕೊಂಡಿದ್ದರೂ ಕೊನೆಯವರೆಗೆ ನೋಡಿದಳು.

ಮರುದಿನ ಸೈನಿಕರು ಓಡಿದ್ದರು. ಸೇತುವೆಯಾಚೆ ಅಮೆರಿಕದ ಟ್ಯಾಂಕುಗಳು ನಿಂತಿದ್ದವು. ವಾಲ್ಬುರ್ಗಾ ಗಂಡನ ಮೈ ತೊಳೆಯುತ್ತಿದ್ದಾಗ ಡಿಟ್ಮಾರ್ ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಟೋಪಿ.

"ವಾಲ್ಬುರ್ಗಾ... ಬೇಗ ಬಿಳಿ ಬಟ್ಟೆ ಬೇಕಿತ್ತು. ಇಲ್ದಿದ್ರೆ ಊರನ್ನೇ ಸುಟ್ಟು ಬಿಡ್ತಾರೆ."

ಒಗೆದ ಬಟ್ಟೆ ಒಂದೇ ಉಳಿದಿತ್ತು. ಅದನ್ನು ಅವಳು ಕಾಸ್ಪರ್‌ಗೆ ಹೊದಿಸಿದಳು. "ಮಿಕ್ಕಿದ್ದು ಹಿತ್ತಿಲ ಕೆಸರಲ್ಲಿದೆ. ಎತ್ಕೊಂಡ್ ಹೋಗಿ."

ಆ ಕೆಸರು ಬಟ್ಟೆಯನ್ನೇ ಅವನು ಗಂಟೆಗೋಪುರಕ್ಕೆ ಕಟ್ಟಿದ. ಅಮೆರಿಕದವರಿಗೆ ಅಷ್ಟು ಸಾಕಾಯಿತು.

ಹನ್ನೊಂದು ವರ್ಷ ಕಳೆಯಿತು. ಡಿಟ್ಮಾರ್ ಕೆಲಕಾಲ ಮೂಲೆ ಸೇರಿ, ಮತ್ತೆ ಆರಿಸಿಬಂದ. ವಸಂತದಲ್ಲಿ ಬುಗ್ಗೆ ತೆರೆಯುವ ದಿನ, ಕೈಯಲ್ಲಿ ನೀರಿನ ಲೋಟ ಹಿಡಿದ ಅತಿಥಿಗಳಿಗೆ ಊರಿನ ಇತಿಹಾಸ ಹೇಳಿದ. ರಾಜಮನೆತನದವರ ಕಥೆ ಮುಗಿಸಿ ಯುದ್ಧಕ್ಕೆ ಬಂದ. "ನಮ್ಮೂರಲ್ಲಿ ಒಂದೇ ಒಂದು ಗುಂಡು ಹಾರಲಿಲ್ಲ!"

ಚಪ್ಪಾಳೆ ಬಿತ್ತು. ಹಿಂದೆ ಟವೆಲ್ಲಿನ ಬುಟ್ಟಿ ಹಿಡಿದು ನಿಂತಿದ್ದ ವಾಲ್ಬುರ್ಗಾ ಮುಂದೆ ಬಂದಳು. ಅವಳು ಬುಟ್ಟಿ ಕೆಳಗಿಟ್ಟಳು.

"ನಿಜ ಕಣ್ರಪ್ಪಾ. ಗುಂಡು ಹಾರ್ಲಿಲ್ಲ. ನನ್ನ ಗಂಡನ್ನ ನೇಣು ಹಾಕಿದ್ರು, ನಾನು ಬಟ್ಟೆ ಒಣಗಿಸೋ ಹಗ್ಗದಲ್ಲಿ. ಇದು ಬರೀ ಬಟ್ಟೆ ಅಂತ ಒಂದ್ ಮಾತು ಹೇಳೋಕೆ ಈ ಅಧ್ಯಕ್ಷರಿಗೆ ಬಾಯಿ ಬರ್ಲಿಲ್ಲ."

ಡಿಟ್ಮಾರ್ ಪಕ್ಕದಲ್ಲಿದ್ದ ವಾದ್ಯದವರಿಗೆ ನುಡಿಸಲು ಸನ್ನೆ ಮಾಡಿದ. ಅವರು ಅವಳನ್ನೇ ನೋಡುತ್ತ ಕುಳಿತರು.

"ಆಗ ಊರಲ್ಲಿ ಬೇರೆ ಹಗ್ಗ ಸಿಗ್ಲಿಲ್ಲ," ಎಂದಳು ಅವಳು, ಬುಟ್ಟಿಯನ್ನು ಮತ್ತೆ ಎತ್ತಿಕೊಳ್ಳುತ್ತ. "ಗಾಯದ ಹುಡುಗ್ರಿಗೆ ಬಟ್ಟೆ ಒಣಗ್ಬೇಕಿತ್ತು. ಆ ಹಗ್ಗಾನೇ ತೊಳೆದು ಕಟ್ದೆ. ಇವತ್ತಿಗೂ ಗಟ್ಟಿಯಾಗಿದೆ. ಬೆಳಿಗ್ಗೆ ನೀವೆಲ್ಲ ಮೈ ಒರೆಸ್ಕೊಂಡ್ರಲ್ಲ, ಆ ಟವೆಲ್ಲು ಒಣಗಿದ್ದು ಅದರ ಮೇಲೇನೇ."