ಜ್ವರಕ್ಕೆ ಕೂತ ಹಿಮ

ಕೇದಾರದ ಗುಡಿಯ ಹಿಂದಿನ ಏರನ್ನು ಬಹುದೂರ ಹತ್ತಿ, ಹಿಮದ ದೊಡ್ಡ ಗೋಡೆಯ ಬುಡದಲ್ಲಿ, ದೊಡ್ಡಲಕ್ಷ್ಮಮ್ಮ ಕೈಯಲ್ಲೊಂದು ಕಲ್ಲು ಹಿಡಿದು ನಿಂತಿದ್ದಳು. ಕಾಲು ಬಾರದೆ ಊರಾದ ಕೈಲಾಂಚದಲ್ಲೇ ಉಳಿದಿದ್ದ ಅಕ್ಕ ಶಿವಲಿಂಗಮ್ಮನಿಗೆ ಒಂದು ಚೂರು ಹಿಮ ತಂದು ಮುಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದಳು. ಅದಕ್ಕೆಂದೇ ಬಿಡದಿ ಕಾರ್ಖಾನೆಗೆ ಹೋಗುವ ಮಗನ ಫ್ಲಾಸ್ಕನ್ನೂ ಹೊತ್ತು ತಂದಿದ್ದಳು.

“ಕೈಲಾಂಚ ಮುಟ್ಟೋಗಂಟ ಅದು ನಿನ್ ಮಾತ್ ಕೇಳ್ಕಂಡ್ ಕೂತಿರ್ತದಾ?” ಎಂದು ಗಂಡ ಚಲುವಯ್ಯ ನಕ್ಕ.

“ಫ್ಲಾಸ್ಕಲ್ಲಿರ್ತದೆ, ನೀವ್ ಒಸಿ ಸುಮ್ಕಿರಿ.”

ಯಾತ್ರೆಗೆ ಕರೆತಂದಿದ್ದ ಮುನಿಕೃಷ್ಣ ಹೇಳಿದ: “ವರ್ಸ ವರ್ಸ ಕರಗಿ ಹಿಂದಕ್ಕೆ ಹೋಯ್ತಾ ಐತಂತೆ ಕಣಮ್ಮ. ಬಂದೋರೆಲ್ಲ ಒಡ್ಕಂಡ್ ಹೋದ್ರೆ ಏನ್ ಉಳೀತದೆ?”

ಅವಳು ತಲೆಯೆತ್ತಿ ನೋಡಿದಳು. ಮೇಲೆ ಬಿಳುಪು, ಬಿರುಕಿನೊಳಗೆ ತೆಳು ನೀಲಿ, ಎಲ್ಲ ಮಿಸುಕದೆ ಮಲಗಿತ್ತು. ಮನೆಯ ರೇಷ್ಮೆಹುಳುಗಳು ನೆನಪಾದವು. ಪೊರೆ ಬಿಡುವ ಮೊದಲು ಅವು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಹೀಗೇ ಬಿಳಿಚಿಕೊಂಡು ಜ್ವರಕ್ಕೆ ಕೂರುತ್ತವೆ. ಆಗ ಅವಳ ಮನೆಯಲ್ಲಿ ಯಾರೂ ಹುಳುವಿನ ತಟ್ಟೆ ಮುಟ್ಟುವಂತಿಲ್ಲ.

ಸದ್ದಾಗದಂತೆ ಕಲ್ಲನ್ನು ಕೆಳಗಿಟ್ಟಳು. ಹಿಮದ ಅಂಚಿನಿಂದ ತಾನಾಗಿ ತೊಟ್ಟಿಕ್ಕುತ್ತಿದ್ದ ನೀರಿಗೆ ಫ್ಲಾಸ್ಕು ಹಿಡಿದಳು.

ಊರಲ್ಲಿ ಶಿವಲಿಂಗಮ್ಮ ಫ್ಲಾಸ್ಕಿನೊಳಗೆ ಇಣುಕಿದಳು. “ಬರೀ ನೀರ್ ತಂದಿದ್ದೀಯಲ್ಲೇ! ಮಂಜುಗಡ್ಡೆ ಎಲ್ಲಿ?”

“ಜ್ವರಕ್ಕೆ ಕೂತಿತ್ತು ಕಣಕ್ಕ. ಹೆಂಗ್ ಮುಟ್ಟಾದು?”

ಹುಳು ಸಾಕಿಯೇ ಮುದುಕಿಯಾದವಳು ಶಿವಲಿಂಗಮ್ಮ. ನೀರನ್ನು ಅಂಗೈಗೆ ಸುರಿದುಕೊಂಡು ಕಣ್ಣಿಗೆ ಒತ್ತಿಕೊಂಡಳು.

“ಒಳ್ಳೇದೇ ಮಾಡ್ದೆ ಬುಡು,” ಎಂದಳು. “ಮಲಗ್ಲಿ ಪಾಪ.”