ಟೀಚರ್ ಕೂರದ ಕುರ್ಚಿ

"ಕ್ಲಾಸಿನ ಕೊನೇ ಮಗು ತನ್ನ ಹೆಸರು ತಾನೇ ಓದೋವರೆಗೂ ನಾನು ಇದರ ಮೇಲೆ ಕುಂದ್ರಲ್ಲ."

ನಾನು ಶಾಲೆಗೆ ಬಂದ ದಿನವೇ ಚಂಪಾವತಿ ಟೀಚರ್ ಮೂರನೇ ಕ್ಲಾಸಿನ ಮಕ್ಕಳಿಗೆ ಕೊಟ್ಟ ಮಾತು ಇದು.

ನಾನು ಒಂದು ಮರದ ಕುರ್ಚಿ. ಯಾರದೋ ಮನೆಯ ಹಳೇ ಬೇವಿನ ಬಾಗಿಲನ್ನು ಕೊಯ್ದು ಬಡಗಿ ನನ್ನನ್ನು ಮಾಡಿದ. ಬಂದು ಸೇರಿದ್ದು ಮಂಡಕ್ಕಿ ಭಟ್ಟಿಗಳ ನಡುವಿನ ಸರ್ಕಾರಿ ಶಾಲೆಗೆ. ಗಂಟೆ ಹೊಡೆಯುವ ಮುಂಚೆಯೇ ಭಟ್ಟಿಯ ಮಸಿ ಬಂದು ನನ್ನ ಮೇಲೆ ಕೂತಿರುತ್ತಿತ್ತು. ಟೀಚರ್ ಮಾತ್ರ ಕೂರುತ್ತಿರಲಿಲ್ಲ.

ಮೊದಲ ವರ್ಷ ದೀಪಾವಳಿಗೆ ಮುಂಚೆಯೇ ಕೊನೇ ಮಗು ಓದಿತು. ಹಾಗೆ ಓದಿದ ಮಗುವೇ ನನ್ನನ್ನು ಒರೆಸಿ, ಎಳೆದು ತಂದು, ಕುಂದ್ರಿ ಟೀಚರ್ ಅನ್ನಬೇಕು. ಅದು ಅವರ ಪದ್ಧತಿ. ಟೀಚರ್ ಮಹಾರಾಣಿಯ ಹಾಗೆ ಸೆರಗು ಸರಿಮಾಡಿಕೊಂಡು ಕೂತರು. ಮಕ್ಕಳು ಬಿದ್ದು ಬಿದ್ದು ನಕ್ಕವು.

ಆಮೇಲೆ ವರ್ಷದಿಂದ ವರ್ಷಕ್ಕೆ ಆ ದಿನ ತಡವಾಗುತ್ತಾ ಹೋಯಿತು. ಸಂಕ್ರಾಂತಿ, ಶಿವರಾತ್ರಿ, ಯುಗಾದಿ. ಇಬ್ಬರು ಮೇಷ್ಟ್ರು ವರ್ಗವಾಗಿ ಹೋದರು, ಬದಲಿಗೆ ಯಾರೂ ಬರಲಿಲ್ಲ. ಮೂರು ಕ್ಲಾಸು ಒಂದೇ ಕೋಣೆಗೆ ಬಂದವು. ಮೊಟ್ಟೆ ಹಂಚಿದ ಫೋಟೋ, ಶೂ ಅಳತೆಯ ಪಟ್ಟಿ, ಎಲ್ಲ ಟೀಚರ್ ತಲೆಗೇ. ಬಾತ ಕಾಲಿಗೆ ಚಪ್ಪಲಿ ಹಿಡಿಸದೆ ಅವರು ಬರಿಗಾಲಲ್ಲಿ ಪಾಠ ಮಾಡುವುದನ್ನು ನಾನು ನೋಡುತ್ತಿದ್ದೆ.

ಕಳೆದ ವರ್ಷ ಹೆಸರು ಓದದೆ ಉಳಿದವಳು ಮುಬೀನಾ ಒಬ್ಬಳೇ. ಭಟ್ಟಿ ನಿಂತ ದಿನ ಮಾತ್ರ ಬರುತ್ತಿದ್ದಳು. ಉಳಿದ ದಿನ ಅಮ್ಮನ ಜತೆ ಮಂಡಕ್ಕಿ ಚೀಲ ಹೊಲಿಯಬೇಕು. ಹತ್ತೇ ದಿನ ಕಳಿಸಿಕೊಡಿ, ಓದಿಸ್ತೀನಿ ಎಂದು ಟೀಚರ್ ಅವರ ಮನೆಗೇ ಹೋಗಿ ಕೇಳಿಕೊಂಡರು. ಅಮ್ಮ ಒಪ್ಪಿದಳು. ಮರುದಿನವೇ ಟೀಚರಿಗೆ ಮನೆಮನೆ ಸಮೀಕ್ಷೆಯ ಡ್ಯೂಟಿ ಬಿತ್ತು.

"ನನ್ ಕೈಲೇನೈತಮ್ಮ? ನಂಗೂ ಹಾಕ್ಯಾರೆ," ಎಂದರು ಹೆಡ್ಮಾಸ್ಟರ್ ಉಜ್ಜಪ್ಪ.

ಮುಬೀನಾ ಹತ್ತೂ ದಿನ ಬಂದಳು. ನನ್ನ ಪಕ್ಕ ಕೂತು, ಮೊಟ್ಟೆ ತಿಂದು, ಎದ್ದು ಹೋದಳು.

ಶಾಲೆಯ ಕೊನೇ ದಿನ ಟೀಚರ್ ಬೋರ್ಡಿನ ಮೇಲೆ ಅವಳ ಹೆಸರು ಬರೆದರು. ಅವಳು ಬಹಳ ಹೊತ್ತು ನೋಡಿ, ಮು ಅಂದಳು. ಮುಂದಕ್ಕೆ ಬರಲಿಲ್ಲ. ಟೀಚರ್ ಗೋಡೆ ಹಿಡಿದು ಕಾಯುತ್ತಾ ನಿಂತರು. ಮುಬೀನಾ ಬೋರ್ಡು ಬಿಟ್ಟು ಅವರ ಕಾಲು ನೋಡಿದಳು. ಲಂಗದ ಅಂಚಿನಿಂದ ನನ್ನನ್ನು ಒರೆಸಿ, ಎಳೆದು ತಂದಳು.

"ಕುಂದ್ರಿ ಟೀಚರ್. ಕಾಲು ನೋಯ್ತಾವೆ."

ರಜೆ ಮುಗಿಯುವಷ್ಟರಲ್ಲಿ ಟೀಚರ್ ವರ್ಗ ಕೇಳಿಕೊಂಡು ಹೋದರು. ನನ್ನ ಒಂದು ಕಾಲು ಮುರಿದಿದೆ. ಸ್ಟೋರ್ ರೂಮಿನಲ್ಲಿ ಮೊಟ್ಟೆ ಟ್ರೇಗಳನ್ನು ಹೊತ್ತುಕೊಂಡು ಗೋಡೆಗೆ ಒರಗಿದ್ದೇನೆ. ಇಷ್ಟು ವರ್ಷದಲ್ಲಿ ನಾನು ಹೊತ್ತ ಭಾರಗಳಲ್ಲಿ ಅವತ್ತಿನದೊಂದೇ ನೆನಪಿಗೆ ಬರುತ್ತದೆ.

ಅವತ್ತು ಚಂಪಾವತಿ ಟೀಚರ್ ಕೂತರು. ಮುಬೀನಾ ತನ್ನ ಹೆಸರು ಓದಿರಲಿಲ್ಲ.