ಸಿಕ್ಕು ಬಿಡಿಸಿದ ಕೂದಲು

ಇದೆಂಥ ವಾಸನೆ, ಕೊಳೆತ ತತ್ತಿಯದೋ ಸುಟ್ಟ ಕಂಬಳಿಯದೋ, ಪಾರ್ಲರಿನ ನೀಲಮ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ ಮಯೂರಿಯ ಕಣ್ಣಲ್ಲಿ ನೀರು ಬಂತು, ಅಳು ಅಲ್ಲ, ಕೂದಲಿಗೆ ಹಚ್ಚುವ ಔಷಧದ ಘಾಟು ಅಷ್ಟೇ, ಅಳುವುದಕ್ಕೆ ಈಗ ಆಗಿದ್ದಾದರೂ ಏನು — ನಿಪ್ಪಾಣಿಯ ಪಾರ್ಲರು, ಎತ್ತರದ ಕುರ್ಚಿ, ಕೊರಳಿಗೆ ಕಟ್ಟಿದ ಕರಿ ಪ್ಲಾಸ್ಟಿಕ್ಕು, ಈಗಷ್ಟೇ ತೊಳೆದ ತಲೆ, ಕನ್ನಡಿಯಲ್ಲಿ ಇಪ್ಪತ್ತರ ಹುಡುಗಿ, ಬರುವ ರವಿವಾರ ಸುಮೇಧನ ಕೈಯಿಂದ ಉಂಗುರ ತೊಡಿಸಿಕೊಳ್ಳುವವಳು. ಅಷ್ಟರೊಳಗೆ ಈ ಗುಂಗುರು ನೆಟ್ಟಗಾಗಬೇಕಂತೆ. ಸುಮೇಧನ ತಾಯಿ ಸುಂದರಾಬಾಯಿ ರಾಯಬಾಗದಿಂದ ಹೇಳಿಕಳಿಸಿದ್ದಾಳೆ, ಹುಡಿಗಿ ಚಲೋ ಅದಾಳ, ಚಿಕ್ಕೋಡಿಯೊಳಗ ಲ್ಯಾಬಿನ ನೌಕರಿ ಐತಿ, ಎಲ್ಲಾ ಬರೋಬರಿ, ಆದ್ರ ಆ ತಲಿ ಫೋಟೋದಾಗ ಹೆಂಗ ಕಾಣಸ್ತೈತಿ, ಒಂದೀಟ ಸಪಾಟ ಮಾಡಿಸ್ರಿ. ಸಪಾಟ! ತಲೆ ಏನು ಹೊಲವೇ, ಕುಂಟೆ ಹೊಡೆದು ಮಟ್ಟ ಮಾಡುವುದಕ್ಕೆ. ಒಮ್ಮಿ ಹಚ್ಚಿದ್ರ ಆರ ತಿಂಗಳ ಚಿಂತಿಲ್ರಿ ಅಕ್ಕಾ, ರೇಷ್ಮಿ ಆಗತೈತಿ, ಅನ್ನುತ್ತಾಳೆ ನೀಲಮ, ಆಮ್ಯಾಲ ಏನಾಗತೈತಿ ಎಂದು ಕೇಳಿದರೆ, ಆಮ್ಯಾಲ ಮತ್ತ ಬರ್ರಿ. ಮತ್ತೆ, ಮತ್ತೆ, ಸಾಯುವ ತನಕ — ಇವಳ ಕೈಯಲ್ಲಿರುವ ಹಣಿಗೆಯ ಹಲ್ಲು ಎಷ್ಟು ಸಣ್ಣ, ಬೇಡಕಿಹಾಳದ ಸಾಲಿಯಲ್ಲಿ ಕಾಮಣ್ಣ ಮಾಸ್ತರ ಇದೇ ತಲೆಯನ್ನು ಕೋಲಿನಿಂದ ಮುಟ್ಟಿ ಕೇಳಿದ್ದರು, ಏನಬೇ ಇದು, ಹಕ್ಕಿ ತತ್ತಿ ಇಟ್ಟಾವೇನ, ಇಡೀ ವರ್ಗ ನಕ್ಕಿತ್ತು, ಮಯೂರಿ ನಗಲಿಲ್ಲ, ತಲೆ ಬಗ್ಗಿಸಲೂ ಇಲ್ಲ, ಇನ್ನೂ ಇಟ್ಟಿಲ್ರಿ ಸರ, ಇಟ್ಟಾಗ ನಿಮಗ ಹೇಳತೀನಿ ಅಂದಿದ್ದಳು, ಅದಕ್ಕೆ ಅಂಗೈ ಮೇಲೆ ಎರಡು ಏಟು ಬಿದ್ದವು. ಬೀಳಲಿ. ಆ ಮಾತು ಹಾಗೆ ಬಾಯಿಗೆ ಬಂದದ್ದು ತುಳಸವ್ವನಿಂದ, ಅಪ್ಪನ ತಾಯಿ ತುಳಸವ್ವ, ಆಕೆ ತೀರಿ ನಾಲ್ಕು ವರ್ಷವಾಯಿತು.

ಮಯೂರಿಗಾಗ ಏಳು ವರ್ಷ, ಎರಡು ಸಾವಿರದ ಒಂದು, ವಿಷಮಜ್ವರ ಬಂದು ಇಪ್ಪತ್ತೊಂದು ದಿನ ಹಾಸಿಗೆಯಲ್ಲೇ ಹೊರಳಾಡಿದ್ದು, ತಲೆಗೆ ನೀರಿಲ್ಲ ಎಣ್ಣೆಯಿಲ್ಲ, ಮೊದಲೇ ಒಣ ಕೂದಲು, ಎದ್ದು ಕೂತಾಗ ಹಿಂದಲೆಯಲ್ಲಿ ಹಗ್ಗದಂಥ ಗಂಟು, ಮುಟ್ಟಿದರೆ ನೋವು. ಪಕ್ಕದ ಮನೆಯ ಹೊಳೆವ್ವ ನೋಡಲು ಬಂದವಳು ಆ ಗಂಟನ್ನು ಸವರಿ ಕೈ ಮುಗಿದಳು, ತುಳಸವ್ವಾ, ಇದು ಜಡಿ ಬಂದೈತಿ, ದೇವಿ ಕರದಾಳ, ಕತ್ತರಿ ಮುಟ್ಟಸಬ್ಯಾಡ, ಹುಡಿಗೀನ ದೇವರಿಗೆ ಬಿಡಬೇಕಾಗತೈತಿ. ಅಜ್ಜಿಯ ಮುಖ ಆಗ ಹೇಗಾಯಿತು — ಅಜ್ಜಿಯ ಅಕ್ಕ ಗಂಗಾ, ಒಂಬತ್ತರ ವಯಸ್ಸಿನಲ್ಲಿ ಇಂಥದೇ ಗಂಟಿನ ನೆಪದಲ್ಲಿ ದೇವರಿಗೆ ಬಿಟ್ಟ ಗಂಗಾ, ಲಗ್ನವಿಲ್ಲ, ತನ್ನದೊಂದು ಮನೆಯಿಲ್ಲ, ಬಂದವರು ಬಂದರು ಹೋದವರು ಹೋದರು, ಸಾಯುವಾಗ ಆ ಜಡೆ ಆಕೆಯ ಕೊರಳಿಗಿಂತ ದಪ್ಪವಿತ್ತಂತೆ. ಅಜ್ಜಿ ಬಾಗಿಲು ತೋರಿಸಿದಳು. ಜಡಿ ಅಲ್ಲ ಹೊಳೆವ್ವಾ, ಸಿಕ್ಕ, ಹಣಿಗಿ ಕಾಣದ ಕೂದಲ, ನೀ ಇನ್ನ ಹೋಗ. ಅಪ್ಪ ರಾಜಾರಾಮ ಕತ್ತರಿ ಹಿಡಿದು ನಿಂತಿದ್ದ, ಕತ್ತರಿಸಿ ಒಗದಬಿಡೂಣ ಅವ್ವಾ, ಮುಗದ ಹೋಗತೈತಿ. ಬ್ಯಾಡ, ಅಂದಳು ಅಜ್ಜಿ, ಕತ್ತರಿಸಿದ್ರ ಜಡಿ ಇತ್ತು ಅಂತಾರ, ಬಿಡಿಸಿದ್ರ ಬರೇ ಸಿಕ್ಕಿತ್ತು ಅಂತ ಊರಿಗೇ ಕಾಣತೈತಿ. ಮೂರು ದಿನ, ಮನೆಯಲ್ಲಿ ಬುದ್ಧನ ಫೋಟೋ ಇದ್ದ ಗೋಡೆಯ ಕೆಳಗೆ, ಮೊಣಕಾಲುಗಳ ನಡುವೆ ಮೊಮ್ಮಗಳನ್ನು ಕೂರಿಸಿಕೊಂಡು, ಬೆಚ್ಚಗಿನ ಕೊಬ್ಬರಿ ಎಣ್ಣೆ, ಮೇಲೆ ಲೋಳಸರದ ತಿರುಳು, ತುದಿಯಿಂದ ಶುರು, ಬುಡದಿಂದ ಎಂದೂ ಅಲ್ಲ, ಬೆರಳಿಂದಲೇ ಒಂದೊಂದು ಎಳೆ, ನೋಯತೈತಿ ಆಯಿ, ನೋಯಲಿ, ಇವತ್ತ ನೋಯಲಿ. ಮೂರನೆಯ ದಿನ ಸಂಜೆ ಗಂಟು ಬಿಟ್ಟಿತು. ಅಜ್ಜಿ ಆ ಕೂದಲನ್ನು ಕಟ್ಟಲಿಲ್ಲ, ಬೆನ್ನ ತುಂಬ ಹರಡಿ, ಹುಡುಗಿಯ ಕೈ ಹಿಡಿದು ಹೊಳೆವ್ವನ ಬಾಗಿಲ ಮುಂದಿನಿಂದ ಹೋಗಿ ಬಂದಳು, ಒಮ್ಮೆಯಲ್ಲ, ಎರಡು ಸಲ.

ಅಲ್ಲಿಂದ ಈ ಕೂದಲು ಬೆಳೆದದ್ದು ಹೆಸರಿಟ್ಟ ಮಗುವಿನ ಹಾಗೆ. ವಾರಕ್ಕೊಮ್ಮೆ ಮಾತ್ರ ನೀರು, ಸೀಗೇಕಾಯಿ ಒಣಗಿಸುತ್ತದೆ, ಕಡಿಮೆ ಹಾಕಬೇಕು, ಹಣಿಗೆ ಅಗಲ ಹಲ್ಲಿನದು, ಅದೂ ಒದ್ದೆಯಿರುವಾಗಷ್ಟೇ, ಟವೆಲ್ಲು ಉಜ್ಜಿದರೆ ಕೂದಲು ಸಿಟ್ಟಾಗಿ ನಿಲ್ಲುತ್ತದೆ, ಅಜ್ಜನ ಹಳೆಯ ಧೋತರದಲ್ಲಿ ಸುಮ್ಮನೆ ಒತ್ತಬೇಕು, ಚಟ್ನಿಗೆಂದು ತಂದ ಅಗಸೆಯಲ್ಲಿ ಒಂದು ಹಿಡಿ ಕುದಿಸಿ, ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸೋಸಿ, ಆ ಲೋಳೆಯನ್ನು ಅಂಗೈಯಲ್ಲಿ ಹಿಡಿದು ಕೂದಲನ್ನು ಮುಷ್ಟಿ ಮುಷ್ಟಿಯಾಗಿ ಮೇಲಕ್ಕೆ ಹಿಂಡಿದರೆ, ಆಹಾ, ಒಂದೊಂದು ಸುರುಳಿಯೂ ಬೇರೆ ಬೇರೆ — ಹಿಡೀರಿ ಅಕ್ಕಾ, ಮೊದಲ ಒಂದ ಎಳಿ ಇಸ್ತ್ರಿ ಹೊಡದ ತೋರಸ್ತೀನಿ, ನೀಲಮ ಕಿವಿಯ ಪಕ್ಕದ ಎಳೆಯನ್ನು ಆರಿಸಿ, ಕಾದ ಎರಡು ಪಟ್ಟಿಗಳ ನಡುವೆ ಹಿಡಿದು ಎಳೆದಳು, ಚುಂಯ್ ಎಂದಿತು, ಹೊಗೆ, ಎಳೆ ಭುಜದ ಮೇಲೆ ಬಿತ್ತು, ಯಾರದೋ ಕೂದಲಿನ ಹಾಗೆ, ನೆಟ್ಟಗೆ, ಮಾತಿಲ್ಲದೆ. ನೋಡ್ರಿ ಹೆಂಗ ಕಾಣಾಕತ್ತೀರಿ. ನೋಡುತ್ತಿದ್ದಾಳೆ ಮಯೂರಿ, ಮೂರು ದಿನ ಕೂತು ಬಿಡಿಸಿದ್ದು ಇದಕ್ಕೋ, ಒಬ್ಬಳು ಬಂದು ದೇವಿಯದು ಅಂದಳು, ಇನ್ನೊಬ್ಬಳು ಫೋಟೋದ್ದು ಅನ್ನುತ್ತಿದ್ದಾಳೆ, ಈ ತಲೆ ತನ್ನದು ಎಂದು ಯಾವಾಗ ಹೇಳುವುದು, ಯಾರಿಗೆ ಹೇಳುವುದು — ಸಾಕ ನೀಲಮಾ, ಬಿಚ್ಚ ಇದನ್ನ. ಯಾಕ್ರಿ, ಬಿಸಿ ತಾಕಿತೇನ್ರಿ. ತಾಕಲಿಲ್ಲ. ಅತ್ತಿಮನಿಯವ್ರ ಏನಂತಾರ್ರಿ ಅಕ್ಕಾ. ಅದನ್ನ ಅವರನ್ನೇ ಕೇಳತೀನಿ. ಪ್ಲಾಸ್ಟಿಕ್ಕು ತಾನೇ ಕಿತ್ತು ಕುರ್ಚಿಯ ಮೇಲಿಟ್ಟು ಮೆಟ್ಟಿಲಿಳಿದಳು.

ಮೇ ತಿಂಗಳ ಬಿಸಿಲು, ಬಸ್‌ಸ್ಟ್ಯಾಂಡಿನ ತಗಡಿನ ನೆರಳು, ಹರಡಿದ ಒದ್ದೆ ತಲೆಯನ್ನು ಮಂದಿ ನೋಡುತ್ತಿದ್ದಾರೆ, ನೋಡಲಿ, ಹಣೆಯ ಮುಂದೆ ಇಳಿಬಿದ್ದ ಸುರುಳಿಯ ತುದಿಯಲ್ಲಿ ಒಂದು ಹನಿ ಕೂಡುತ್ತಿದೆ, ಅದು ಬೀಳುವ ಮೊದಲೇ ಸುಮೇಧ ಫೋನೆತ್ತಿದ, ಮುಗೀತೇನ. ಇಲ್ಲ, ಮಾಡಸಲಿಲ್ಲ, ಮಾಡಸೂದೂ ಇಲ್ಲ. ಅವ್ವ ಇಲ್ಲೇ ಅದಾಳ, ನೀನ ಹೇಳ ಅಂದ ಅವನು — ಧೈರ್ಯ ಕೊಟ್ಟನೋ ತಪ್ಪಿಸಿಕೊಂಡನೋ, ಆಮೇಲೆ ನೋಡಿಕೊಳ್ಳೋಣ — ಹನಿ ಬಿತ್ತು, ಇನ್ನೊಂದು ಕೂಡತೊಡಗಿತು. ಅತ್ತಿ, ನಾ ಮಯೂರಿರಿ, ರವಿವಾರ ಇದೇ ಕೂದಲಾಗ ಬರ್ತೀನ್ರಿ, ಕಟ್ಟಂಗಿಲ್ಲ, ಬಿಟಗೊಂಡ ಬರ್ತೀನಿ. ಅತ್ತ ಸುಂದರಾಬಾಯಿಯ ಉಸಿರು ಕೇಳುತ್ತದೆ, ಹಿಂದೆ ಎಲ್ಲೋ ಕುಕ್ಕರಿನ ಸೀಟಿ. ಹೂವಾದ್ರೂ ನಿಲ್ಲತಾವೇನ ಅದರಾಗ, ಕೇಳಿದಳು ಸುಂದರಾಬಾಯಿ, ದನಿ ಗಡುಸಾಗಿಯೇ ಇತ್ತು. ನಿಲ್ಲತಾವ್ರಿ, ಪಿನ್ನ ಸೈತ ಬೇಕಾಗಂಗಿಲ್ಲ. ಹನಿ ದಪ್ಪವಾಯಿತು, ಬಿತ್ತು. ಬಾ, ನೋಡೂಣ, ಅಂದಳು ಆಕೆ, ಫೋನಿಟ್ಟಳು, ಅದು ಒಪ್ಪಿಗೆಯೋ ಬೆದರಿಕೆಯೋ, ಯಾವುದಾದರೂ ಆಗಲಿ, ಹೋಗುವುದಂತೂ ಹೀಗೇ, ಬಿಸಿಲಿಗೆ ಬುಡ ಆರತೊಡಗಿದೆ, ಸುರುಳಿ ತುಸು ಮೇಲಕ್ಕೆ ಎದ್ದಿದೆ, ಅದರ ತುದಿಯಲ್ಲಿ ಮತ್ತೊಂದು ಹನಿ, ಒಳಗೆ ಇಡೀ ಬಸ್‌ಸ್ಟ್ಯಾಂಡು ತಲೆಕೆಳಗಾಗಿ ನಿಂತ ಹನಿ, ತೂಗುತ್ತಿರುವ ಹನಿ, ಇನ್ನೂ ಬಿದ್ದಿಲ್ಲ.